ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ, ವಿದ್ಯುತ್ ಗಾಡಿಯಲ್ಲಿ

ಹಿಂದೂಪುರದಿಂದ ಮಡಕಶಿರಾ, ಪಾವಗಡಗಳ ಮೂಲಕ ಕಲ್ಯಾಣದುರ್ಗಕ್ಕೆ ಹೊರಟವನು ಆಂಧ್ರದಿಂದ ಆಂಧ್ರಕ್ಕೇ ಹೋಗುತ್ತಿದ್ದರೂ ನಡುವೆ ಕರ್ನಾಟಕವನ್ನು ಹೊಕ್ಕು ಹೊರಡಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲೂಕನ್ನು ಆಂಧ್ರದ ನೆಲ ಬಹುಪಾಲು ಸುತ್ತುವರಿದಿದೆ. 2022ರ ಏಪ್ರಿಲ್‌ನಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದ ಮೇಲೆ ಇದು ಎರಡು ರಾಜ್ಯ, ಮೂರು ಜಿಲ್ಲೆಗಳ ದಾರಿಯಾಗಿದೆ. ಅಂಗಡಿಯ ಫಲಕಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿ ಮತ್ತೆ ತೆಲುಗಾಗುತ್ತವೆ; ಜನರ ಬಾಯಲ್ಲಿ ಮಾತ್ರ ಉದ್ದಕ್ಕೂ ಎರಡು ನುಡಿಗಳೂ ಒಟ್ಟಿಗೆ ಇರುತ್ತವೆ.

ಕಳೆದ ಮಳೆಗಾಲದ ಕೊನೆಗೆ ಅಮರಾಪುರಂ ಮಂಡಲದ ಗೌಡರೊಬ್ಬರು ಒಂದು ಟಾಟಾ ಏಸ್ ವಿದ್ಯುತ್ ಗಾಡಿಯನ್ನು ಕೊಂಡರು. ಅದರ ಮೇಲೆ ಏನೇನು ಹಾಕಿಸಬೇಕೆಂಬ ಒಂದು ಪಟ್ಟಿ ಅವರ ಜೇಬಿನಲ್ಲಿತ್ತು. ನನಗೆ ಕಲ್ಯಾಣದುರ್ಗದ ನ್ಯಾಯಾಲಯದಲ್ಲಿ ವಾಯಿದೆ ಇತ್ತು. ಅವರಿಗೆ ಕುಂದುರ್ಪಿ ಕಡೆಯ ಹಳ್ಳಿಯಲ್ಲಿ ಮಗಳ ಮನೆ. "ಲಾಯರ್ ಸಾರ್, ಪಟ್ಟಿ ನೀವೊಂದು ಸಲ ನೋಡಿ. ಆಮೇಲೆ ಕೇಸು ಆಗೋದು ಬೇಡ" ಎಂದರು. ಕೊಳ್ಳುವ ಮೊದಲು ದಾರಿಯನ್ನೇ ಕೇಳೋಣವೆಂದು ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟೆವು. ಹಿಂದೂಪುರದ ಮಾರುಕಟ್ಟೆಯಲ್ಲಿ ನಾನು ಕೊಂಡ ಎರಡು ಮೂಟೆ ಹುಣಸೆಹಣ್ಣು ಹಿಂದೆ ಇತ್ತು. ಆ ಹುಣಸೆಗೆ ಕಾನೂನಿನಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ವಿದ್ಯುತ್ ಪಿಕಪ್ ಎಂದರೆ ಅಮೆರಿಕದ ರಿವಿಯನ್, ಸೈಬರ್‌ಟ್ರಕ್‌ಗಳನ್ನು ಚಿತ್ರಗಳಲ್ಲಿ ಕಂಡವರಿದ್ದಾರೆ. ಅಲ್ಲಿ ಕಲ್ಲುಮಣ್ಣಿನ ದಾರಿ ರಜಾದಿನದ ವಿನೋದ; ಅದಕ್ಕೆಂದು ಎಳೆಯುವ ವಿಂಚ್, ಛಾವಣಿಯ ಕ್ಯಾರಿಯರ್, ದಪ್ಪ ಹಲ್ಲಿನ ಟೈರು, ಸಾಲುದೀಪಗಳ ದೊಡ್ಡ ವ್ಯಾಪಾರವೇ ಬೆಳೆದಿದೆ. ಗೌಡರಿಗೆ ಅಂತಹ ದಾರಿ ತಮ್ಮ ಮನೆಗೆ ಹೋಗುವ ಕೊನೆಯ ನಾಲ್ಕು ಕಿಲೋಮೀಟರ್. ಟಾಟಾ ಏಸ್ ಇವಿ 2022ರ ಮೇ ತಿಂಗಳಲ್ಲಿ ಪ್ರಕಟವಾದಾಗ ಅದರ ಬ್ಯಾಟರಿ 21.3 ಕಿಲೋವಾಟ್-ಅವರ್, ಹೊರೆ 600 ಕಿಲೋ, ಒಂದು ಚಾರ್ಜಿಗೆ ಕಂಪನಿ ಹೇಳಿದ ದೂರ 154 ಕಿಲೋಮೀಟರ್. ಮುಂದಿನ ಲೆಕ್ಕವೆಲ್ಲ ಈ ಮೂರು ಅಂಕಿಗಳ ಮೇಲೆಯೇ ನಿಂತಿದೆ.

ಪಟ್ಟಿಯ ಮೊದಲಿಗೆ ಮುಂಭಾಗದ ಕಬ್ಬಿಣದ ಗಾರ್ಡು ಇತ್ತು. ಅದರ ತೂಕ ಅರವತ್ತು ಕಿಲೋ ಎಂದಿಟ್ಟುಕೊಂಡರೆ ಹೊರೆಯ ಹತ್ತರಲ್ಲೊಂದು ಪಾಲು ಪ್ರತಿದಿನವೂ ನಷ್ಟ. ಅದಕ್ಕಿಂತ ಮುಖ್ಯವಾಗಿ, ಇಂತಹ ಕ್ರಾಶ್ ಗಾರ್ಡುಗಳು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ತಯಾರಕನ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಅವನ ಬಿಲ್ಲಿನಲ್ಲಿ ಬಹುತೇಕ 'ಫಿಟ್ಟಿಂಗ್' ಎಂಬ ಒಂದೇ ಮಾತು ಇರುತ್ತದೆ.

ಸಾಲುದೀಪಗಳ ಮಾತೂ ಹಾಗೆಯೇ. ವಿದ್ಯುತ್ ಗಾಡಿಯ ಅಡಿಯಲ್ಲಿ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ಬೀದಿಬದಿಯ ಶೆಡ್ಡಿನಲ್ಲಿ ತಂತಿ ಕತ್ತರಿಸುವುದು, ಚಾಸಿಗೆ ರಂಧ್ರ ಕೊರೆಸುವುದು, ವೆಲ್ಡಿಂಗ್ ಮಾಡಿಸುವುದು ಡೀಸೆಲ್ ಗಾಡಿಯ ಕಾಲದ ಅಭ್ಯಾಸಗಳು. ಇಲ್ಲಿ ಅವು ಜೀವಕ್ಕೂ ಬ್ಯಾಟರಿಯ ವಾರಂಟಿಗೂ ಒಟ್ಟಿಗೆ ಕುತ್ತು ತರುತ್ತವೆ. ಪಟ್ಟಿಯಲ್ಲಿದ್ದ ದಪ್ಪ ಹಲ್ಲಿನ ಟೈರನ್ನೂ ಹೊಡೆದುಹಾಕಿದೆವು. ಅದು ಉರುಳುವುದಕ್ಕೆ ಹೆಚ್ಚು ಶಕ್ತಿ ಬೇಡುತ್ತದೆ. ಡಾಂಬರಿನ ನೂರು ಕಿಲೋಮೀಟರ್ ಓಡಿ, ಮಣ್ಣಿನ ನಾಲ್ಕು ಕಿಲೋಮೀಟರಿಗಾಗಿ ಅಷ್ಟು ಕರೆಂಟು ತೆರುವುದು ಲೆಕ್ಕಕ್ಕೆ ಬಾರದು.

ಪಾವಗಡದಲ್ಲಿ ಗೌಡರ ನೆಂಟರ ಮನೆಯಲ್ಲಿ ಊಟ. ಅವರ ಅಂಗಳದ ಹದಿನೈದು ಆಂಪಿಯರಿನ ಸಾಕೆಟ್ಟಿಗೆ ಗಾಡಿಯನ್ನು ಸಿಕ್ಕಿಸಿದೆವು. ಅಂತಹ ಸಾಕೆಟ್ಟಿನಿಂದ ಗಂಟೆಗೆ ಹೆಚ್ಚೆಂದರೆ ಮೂರು ಯೂನಿಟ್ ಬರುತ್ತದೆ. ಎರಡು ಗಂಟೆಯ ಊಟ, ಹರಟೆಗೆ ಬ್ಯಾಟರಿಯ ಕಾಲುಭಾಗ ತುಂಬಿತು. ಇದೇ ತಾಲೂಕಿನ ನಾಗಲಮಡಿಕೆಯ ಕಡೆ, ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಪಾರ್ಕ್ ಇದೆ. ರೈತರಿಂದ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಕರಾರು ಅಲ್ಲಿಯದು. ಅಷ್ಟು ವಿದ್ಯುತ್ತು ತಲೆಯ ಮೇಲಿನ ತಂತಿಗಳಲ್ಲಿ ದೂರದ ಊರುಗಳಿಗೆ ಹೋಗುತ್ತಿರಲು, ನಾವು ನೆಂಟರ ಮನೆಯ ಸಾಕೆಟ್ಟನ್ನು ಹುಡುಕಿಕೊಂಡು ಹೋದೆವು. ಆದ್ದರಿಂದ ಗಾಡಿಯೊಡನೆ ಬಂದ ಚಾರ್ಜಿಂಗ್ ಕೇಬಲ್ಲನ್ನು ಸದಾ ಜೊತೆಗಿಟ್ಟುಕೊಳ್ಳುವುದು, ಮನೆಯಲ್ಲಿ ಸರಿಯಾದ ಅರ್ಥಿಂಗ್ ಮಾಡಿಸುವುದು ಎಂದು ಪಟ್ಟಿಯಲ್ಲಿ ಮೇಲೆಯೇ ಬರೆದೆವು. ತೋಟದ ಪಂಪಿನ ಉಚಿತ ವಿದ್ಯುತ್ತಿನಿಂದ ಚಾರ್ಜು ಮಾಡಬಹುದೇ ಎಂದು ಗೌಡರು ಕೇಳಿದರು. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಂತೆ ಎರಡು ಪಟ್ಟು ದರ ವಸೂಲಾಗುತ್ತದೆಂದು ಹೇಳಿದೆ.

ಮುಖ್ಯರಸ್ತೆ ಬಿಟ್ಟು ಕುಂದುರ್ಪಿಯ ಕಡೆ ತಿರುಗಿದ ಮೇಲೆ ದಾರಿಯೇ ಮಾತನಾಡತೊಡಗಿತು. ಕಡಿಮೆ ಮಳೆಯ ಈ ಸೀಮೆಯಲ್ಲಿ ಹಳ್ಳಗಳು ವರ್ಷದ ಬಹುಭಾಗ ಮರಳಿನ ಹಾಸಿಗೆ. ಮಳೆ ಸುರಿದ ರಾತ್ರಿ ಮಾತ್ರ ನದಿ. ಮೊದಲ ಹಳ್ಳದಲ್ಲಿ ಹಿಂದಿನ ಚಕ್ರ ಹೂತಿತು. ಡೀಸೆಲ್ ಗಾಡಿಯ ರೂಢಿಯಂತೆ ಗೌಡರು ಪೆಡಲನ್ನು ಒತ್ತಿದರು. ವಿದ್ಯುತ್ ಮೋಟಾರಿನ ಬಲ ಒತ್ತಿದ ಕ್ಷಣಕ್ಕೇ ಚಕ್ರಕ್ಕೆ ಬರುವುದರಿಂದ ಅದು ಮುಂದಕ್ಕೆ ಹೋಗದೆ ಇನ್ನಷ್ಟು ಆಳಕ್ಕೆ ತೋಡಿಕೊಂಡಿತು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, ಚಕ್ರದ ಮುಂದೆ ಬೇಲಿಯ ಬಳಿ ಬಿದ್ದಿದ್ದ ಎರಡು ಹಲಗೆಗಳನ್ನಿಟ್ಟು, ಪೆಡಲನ್ನು ಮುಟ್ಟಿಯೂ ಮುಟ್ಟದಂತೆ ಒತ್ತಿದಾಗ ಮೇಲೆದ್ದಿತು. ಗಾಳಿ ತುಂಬುವ ಕೈಪಂಪು ಮಗಳ ಮನೆಯಲ್ಲಿತ್ತು. ಅಲ್ಲಿಯವರೆಗೆ ನಡಿಗೆಯ ವೇಗ. ಹಲಗೆ, ಪಂಪು, ಗಾಳಿಯ ಒತ್ತಡ ನೋಡುವ ಗೇಜು: ಮೂರೂ ಪಟ್ಟಿಗೆ ಸೇರಿದವು. ಬೊಮ್ಮನಹಾಳ ಮಂಡಲದ ದರ್ಗಾ ಹೊನ್ನೂರಿನ ಮರಳುದಿಬ್ಬಗಳನ್ನು ಕಂಡವರಿಗೆ ಇವುಗಳ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಹಳ್ಳದಲ್ಲಿ ನೀರಿತ್ತು. ಬ್ಯಾಟರಿಗೆ ಐಪಿ67 ದರ್ಜೆ ಇದೆಯೆಂದರೆ, ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧಗಂಟೆ ಇದ್ದರೂ ಒಳಗೆ ನೀರು ಹೋಗದೆಂಬ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿದೆ ಎಂದರ್ಥ. ಹರಿಯುವ ನೀರಿನಲ್ಲಿ ಗಾಡಿ ನಿಲ್ಲುತ್ತದೆಂಬ ಭರವಸೆ ಅದರಲ್ಲಿಲ್ಲ. ಕೋಲಿನಿಂದ ಆಳ ನೋಡಿ, ಮೊಣಕಾಲಿಗಿಂತ ಬಹಳ ಕೆಳಗಿದೆಯೆಂದು ಖಚಿತವಾದ ಮೇಲೆ ದಾಟಿದೆವು. ಕಲ್ಲಿನೇಟು ಬ್ಯಾಟರಿಗೆ ತಗಲದಂತೆ ಅಡಿಗಾರ್ಡು ಬೇಕಾದರೆ ಕಂಪನಿಯೇ ಕೊಡುವುದನ್ನು ಅಲ್ಲಿಯೇ ಹಾಕಿಸಬೇಕು. ಜ್ಯಾಕನ್ನು ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಕೊಡಬೇಕು, ಬ್ಯಾಟರಿಯ ಪೆಟ್ಟಿಗೆಗಲ್ಲ. ಕೆಟ್ಟು ನಿಂತರೆ ಹಗ್ಗ ಕಟ್ಟಿ ದೂರ ಎಳೆಯಬಾರದು, ಚಕ್ರ ತಿರುಗಿದಂತೆ ಮೋಟಾರೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹಗ್ಗವೇನಿದ್ದರೂ ಹಳ್ಳದಿಂದ ದಡಕ್ಕೆ.

ಪಟ್ಟಿಯ ಕೊನೆಯ ಸಾಲನ್ನು ಗೌಡರು ಅಲ್ಲಿಯವರೆಗೆ ಓದಿರಲಿಲ್ಲ. ಎರಡು ಬೆಂಚು, ಹಿಡಿಯಲು ಕಂಬಿ, ಮೇಲೆ ಟಾರ್ಪಾಲಿನ್. ಊರಿನ ಹನ್ನೊಂದು ಮಕ್ಕಳು ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಹೋಗುತ್ತಾರೆ. ಬಸ್ಸು ಊರಿನವರೆಗೆ ಬರುವುದಿಲ್ಲ. "ಬೆಳಗ್ಗೆ ಹೇಗೂ ಖಾಲಿ ಗಾಡಿ ಹೋಗುತ್ತೆ ಸಾರ್. ಈ ದೂರಕ್ಕೆ ಹೆದರಿ ಇಬ್ಬರು ಹೆಣ್ಣುಮಕ್ಕಳನ್ನ ಆಗಲೇ ಬಿಡಿಸಿದ್ದಾರೆ. ಇನ್ನು ನಾಲ್ಕು ಜನ ಬಿಟ್ಟರೆ ತರಗತಿಯನ್ನೇ ಮುಚ್ಚುತ್ತಾರೆ" ಎಂದರು. ಗಡಿಯ ಶಾಲೆಗಳ ಹಾಜರಿಪಟ್ಟಿಯನ್ನು ಬಲ್ಲವರಾರೂ ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೂ ನಾನು ಬೇಡವೆಂದೇ ಹೇಳಿದೆ.

ಸರಕಿನ ಗಾಡಿಯಲ್ಲಿ ಸರಕಿನ ಒಡೆಯನಿಗೆ, ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆಯುಂಟು. 1994ರ ತಿದ್ದುಪಡಿ ಅದನ್ನು ಕೊಟ್ಟಿದೆ. ನನ್ನ ಹುಣಸೆಯ ಮೂಟೆ ಹಿಂದೆ ಇದ್ದುದರಿಂದಲೇ ನಾನು ಚಾಲಕನ ಪಕ್ಕದಲ್ಲಿ ನಿಶ್ಚಿಂತೆಯಿಂದ ಕುಳಿತಿದ್ದೆ. ಪುಕ್ಕಟೆಯಾಗಿ ಹತ್ತಿಸಿಕೊಂಡ ಪ್ರಯಾಣಿಕರಿಗೆ ಆ ರಕ್ಷಣೆಯಿಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಮಾನಿಸಿತು. ಕೆಲವು ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಒಡೆಯನಿಂದ ವಸೂಲು ಮಾಡುವಂತೆ ಆದೇಶವಾದದ್ದುಂಟು. ಯಾವ ರೀತಿಯಲ್ಲಿ ನೋಡಿದರೂ ಕೊನೆಗೆ ಹೋಗುವುದು ಗೌಡರ ಜಮೀನು. ಅದಕ್ಕೂ ಮೊದಲು, ತಿರುವಿನಲ್ಲಿ ಗಾಡಿ ಮಗುಚಿದರೆ ತಗಡಿನ ತೊಟ್ಟಿಯಲ್ಲಿ ಕುಳಿತ ಮಗುವಿಗೆ ಬೆಲ್ಟೂ ಇಲ್ಲ, ಛಾವಣಿಯೂ ಇಲ್ಲ. ಗೌಡರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ಮಕ್ಕಳು ಹೇಗೆ ಹೋಗಬೇಕು, ಅದನ್ನೂ ನೀವೇ ಹೇಳಿ" ಎಂದರು.

ಕಲ್ಯಾಣದುರ್ಗದಲ್ಲಿ ವಾಯಿದೆ ಮುಗಿದ ಮೇಲೆ ಟಾರ್ಪಾಲಿನ್, ಹಗ್ಗ, ಪಂಪು, ಗೇಜು ಕೊಂಡೆವು. ಹಲಗೆಗೆ ಬದಲಾಗಿ ಹಳೆಯ ಕನ್ವೇಯರ್ ಬೆಲ್ಟಿನ ಎರಡು ತುಂಡು ಅಗ್ಗಕ್ಕೆ ಸಿಕ್ಕಿತು. ಗಾಡಿಯ ಮುಂದೆ ನಿಂತೇ, ಬೆಳಗಿನ ಬಸ್ಸನ್ನು ನಾಲ್ಕು ಕಿಲೋಮೀಟರ್ ಒಳಗೆ ಊರಿನವರೆಗೆ ಬಿಡಬೇಕೆಂದು ಡಿಪೋ ಮ್ಯಾನೇಜರರಿಗೆ ತೆಲುಗಿನಲ್ಲೊಂದು ಅರ್ಜಿ ಬರೆದೆ. ಪ್ರತಿಯನ್ನು ಮಂಡಲ ಶಿಕ್ಷಣಾಧಿಕಾರಿಗೆ. ಹನ್ನೊಂದು ಮಕ್ಕಳ ತರಗತಿ, ದೂರ, ಹಳ್ಳದ ಸ್ಥಿತಿ ಅದರಲ್ಲಿವೆ. ಶಾಲೆ ಬಿಟ್ಟ ಇಬ್ಬರು ಹುಡುಗಿಯರ ಹೆಸರನ್ನೂ ಸೇರಿಸಿ ಎಂದು ಗೌಡರು ಹೇಳಿದರು, ಸೇರಿಸಿದೆ. ಪೋಷಕರ ಸಹಿಗಾಗಿ ಅರ್ಜಿ ಈಗ ಊರಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತಿದೆ.