ತಂದೆ ಕಸ್ತೂರ್ಬಾ ರಸ್ತೆಯಲ್ಲಿ, ಮಗ ಬೇಗೂರಿನಲ್ಲಿ

ನಮ್ಮ ಶಿಕಾರಿಪುರದ ಕಡೆ ಶಾಸನ ನೋಡಬೇಕೆಂದರೆ ಬಳ್ಳಿಗಾವಿಗೆ ಹೋದರಾಯಿತು. ಕೇದಾರೇಶ್ವರನ ಗುಡಿಯಂಗಳದಲ್ಲಿ ಕಲ್ಲುಗಳು ಮದುವೆಮನೆಗೆ ಬಂದ ಹಿರಿಯರ ಹಾಗೆ ಒಟ್ಟಿಗೇ ಸಿಗುತ್ತವೆ. ಬೆಂಗಳೂರಿನ ಕಲ್ಲುಗಳು ಹಾಗಲ್ಲ, ಒಂದೊಂದನ್ನೂ ಹುಡುಕಿಕೊಂಡು ಹೋಗಬೇಕು. ನನ್ನ ಚೀಲದಲ್ಲಿ ಒಂದು ಟಾರ್ಚು, ಒಂದು ನೋಟ್‌ಬುಕ್ಕು, ಜೊತೆಗೆ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಒಂಬತ್ತನೆಯ ಸಂಪುಟದ ಝೆರಾಕ್ಸ್ ಹಾಳೆಗಳು. ಇಂಥ ಊರು, ಇಂಥ ಗುಡಿ, ಇಂಥ ಹೊಲ ಎಂದು ಪ್ರತಿ ಕಲ್ಲಿಗೂ ಅದರಲ್ಲಿ ಒಂದು ವಿಳಾಸವಿದೆ. ಆ ವಿಳಾಸಗಳಲ್ಲಿ ಈಗ ಯಾರಿದ್ದಾರೆ ಎಂದು ನೋಡಿ ಬರುವುದೇ ನನ್ನ ಯಾತ್ರೆ.

ಮೊದಲ ಕಲ್ಲು ಸುಲಭದ್ದು. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿದೆ. ಅಬ್ಬಾ, ಕಲ್ಲಿನ ಮೇಲೆ ಇಡೀ ಯುದ್ಧವೇ ನಡೆಯುತ್ತಿದೆ! ಆನೆ, ಕುದುರೆ, ಬಿಲ್ಲು, ಕತ್ತಿ, ಕೆಳಗೆ ಬಿದ್ದವರು. ಗಂಗರ ಎರೆಯಪ್ಪನ ಕಾಲದ ನಾಗತ್ತರನೆಂಬ ವೀರ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ ಕಥೆ ಇದು. ನಮ್ಮೂರಿನ ವೀರಗಲ್ಲುಗಳಲ್ಲಿ ಯುದ್ಧ, ಅಪ್ಸರೆಯರು, ಕೈಲಾಸ ಎಂದು ಅಂತಸ್ತು ಅಂತಸ್ತಾಗಿ ಮೇಲೇರಿ ನೋಡಿದ ನನಗೆ ಈ ದೊಂಬಿಯೆಲ್ಲ ಹೊಸದು.

ಅಲ್ಲಿಂದ ಬೇಗೂರಿಗೆ ಹನ್ನೆರಡು ಹದಿಮೂರು ಕಿಲೋಮೀಟರು. ಹೊಸೂರು ರಸ್ತೆಯಲ್ಲಿ ಬಸ್ಸು ನಿಂತು, ಹೊರಟು, ಮತ್ತೆ ನಿಂತು, ಎರಡು ಗಂಟೆ ತೆಗೆದುಕೊಳ್ಳುತ್ತದೆ. ಪಕ್ಕದವರು ಟಿಫಿನ್ ಡಬ್ಬಿ ಬಿಚ್ಚಿ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಎದ್ದು ನೋಡಿದರೂ ಅದೇ ಸಿಗ್ನಲ್ಲು. ನಾಗತ್ತರನ ಕುದುರೆಗೆ ಈ ದಾರಿ ಎಷ್ಟು ಹೊತ್ತಿನದಾಗಿತ್ತೋ!

ಬೇಗೂರಿನ ನಾಗನಾಥೇಶ್ವರ ದೇವಾಲಯದ ಆವರಣದಲ್ಲಿ ಇನ್ನೊಂದು ಕಲ್ಲಿದೆ. ಸುಮಾರು ಕ್ರಿ.ಶ. 890ರದು. ಎದುರಿನಿಂದ ನೋಡಿದರೆ ಬರೀ ಒರಟು ಕಲ್ಲು. ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದಾಗ ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿ ಸಾಲುಗಳು ಒಂದೊಂದಾಗಿ ಏಳುತ್ತವೆ. ಬೆರಳು ಒಂದು ಪದದ ಹತ್ತಿರ ನಿಲ್ಲುತ್ತದೆ: ಬೆಂಗಳೂರು. ನನ್ನ ಮೈ ಜುಮ್ಮೆಂದಿತು. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಮಡಿದನಂತೆ. ಅಜ್ಜಿಯೊಬ್ಬಳು ಬಲ್ಲಾಳರಾಯನಿಗೆ ಬೆಂದಕಾಳು ಕೊಟ್ಟಳೆಂಬ ಕಥೆಗಿಂತ ಹಳೆಯದು ಇದು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲೇ ಈ ಹೆಸರು ಇಲ್ಲಿ ಕೂತಿದೆ. ಬುಟ್ಟಣಸೆಟ್ಟಿ ಯಾರು? ಬೆಳಿಗ್ಗೆ ನೋಡಿದ ನಾಗತ್ತರನ ಮಗ! ತಂದೆಯ ಕಲ್ಲು ಅಲ್ಲಿ, ಮಗನದು ಇಲ್ಲಿ. ನೋಟ್‌ಬುಕ್ಕಿನಲ್ಲಿ ಇಬ್ಬರನ್ನೂ ಒಂದೇ ಪುಟದಲ್ಲಿ ಬರೆದುಕೊಂಡೆ.

ಮುಂದಿನ ಹಾಳೆ ಒಂದು ಹೊಲದ ದಾರಿ ಹೇಳುತ್ತದೆ. ಹೊಲ ಎಲ್ಲಿದೆ? ಬಡಾವಣೆ, ನೀರಿನ ಟ್ಯಾಂಕರು, ಪೀಜಿಗಳ ಬೋರ್ಡು. ಮೂರು ಸುತ್ತು ಹೊಡೆದ ಮೇಲೆ ಟ್ರಾನ್ಸ್‌ಫಾರ್ಮರಿನ ಹಿಂದೆ ಅರಿಶಿನ ಕುಂಕುಮ ಮೆತ್ತಿದ ಕಲ್ಲೊಂದು ಕಂಡಿತು. ತುದಿಯಲ್ಲಿ ಸೂರ್ಯ ಚಂದ್ರ. ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದರು: "ಯಾವೂರಪ್ಪ? ನಿಧಿ ಗಿಧಿ ಹುಡುಕ್ಕೊಂಡು ಬಂದ್ಯಾ?"

"ಇಲ್ಲಜ್ಜಿ, ಕಲ್ಲು ನೋಡಕ್ಕೆ ಬಂದೆ. ಇದ್ರಲ್ಲಿ ಬರಹ ಐತಲ್ಲ?"

"ಅದು ನಮ್ಮ ಮುನೇಶ್ವರ ಕಣಪ್ಪ. ರಸ್ತೆ ಮಾಡೋರು ಕೀಳಕ್ಕೆ ಬಂದಿದ್ರು, ನಾನೇ ಅಡ್ಡ ನಿಂತೆ."

ನಿಧಿಯಾಸೆಗೆ ಒಡೆದವು, ಅಡಿಪಾಯಕ್ಕೆ ಹೋದವು, ಬಟ್ಟೆ ಒಗೆಯಲು ಹಾಸಿದವು ಎಷ್ಟೋ. ಈ ಒಂದನ್ನು ಅಜ್ಜಿಯ ಅರಿಶಿನ ಕಾಪಾಡಿದೆ. ಅಕ್ಷರಗಳು ಮುಚ್ಚಿಹೋಗಿದ್ದರೂ ಕೈಮುಗಿಯದೆ ಬರಲಾಗಲಿಲ್ಲ. ಅಜ್ಜಿ ಕೊಟ್ಟ ಮಜ್ಜಿಗೆಯಲ್ಲಿ ನಮ್ಮ ಮಲೆನಾಡಿನ ಮನೆಗಳಂತೆಯೇ ಶುಂಠಿಯ ಖಾರವಿತ್ತು.

ಅಲ್ಲಿಂದ ದೊಮ್ಮಲೂರು. ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಹಲವು ಶಾಸನಗಳು ತಮಿಳಿನವು. ಊರಿನ ಹಳೆಯ ಹೆಸರು ತೊಂಬಲೂರು. ಓದಲು ಬಾರದ ಸಾಲುಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹೊರಟೆ.

ಹೆಬ್ಬಾಳ ಮುಟ್ಟುವಾಗ ಸಂಜೆ. ಕೆಲವೇ ವರ್ಷಗಳ ಹಿಂದೆ ಬೆಳಕಿಗೆ ಬಂದ, ಕಿತ್ತಯ್ಯನೆಂಬ ವೀರನ ಕಲ್ಲಿಗೆ ಜನ ಹಣ ಕೂಡಿಸಿ ಮಂಟಪ ಕಟ್ಟಿದ್ದಾರೆ. ಎಂಟನೆಯ ಶತಮಾನ, ಗಂಗ ಶ್ರೀಪುರುಷನ ಕಾಲ. 2021ರಿಂದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಬೆಂಗಳೂರು ಸುತ್ತಲಿನ ಇಂಥ ಕಲ್ಲುಗಳನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅಕ್ಷಾಂಶ ರೇಖಾಂಶ ಗುರುತಿಸಿಡುತ್ತಿದ್ದಾರೆ. ಇನ್ನು ಹೊಲ ಸೈಟಾದರೂ ವಿಳಾಸ ತಪ್ಪದು. ಎಂಥ ದೊಡ್ಡ ಕೆಲಸ!

ಮಂಟಪದ ಕಲ್ಲಿನಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು ಎಂದಿದೆ. ಪೆರ್ ಎಂದರೆ ದೊಡ್ಡದು, ಪೊಳಲ್ ಎಂದರೆ ಪಟ್ಟಣ. ಪ ಹೋಗಿ ಹ ಬಂದು, ಬಾಯಿಂದ ಬಾಯಿಗೆ ಸವೆದು, ನುಣುಪಾಗಿ ಹೆಬ್ಬಾಳ. ಅದನ್ನೇ ಗುನುಗಿಕೊಳ್ಳುತ್ತ ಮುಖ್ಯರಸ್ತೆಗೆ ಬರುತ್ತೇನೆ. ತುಂಬಿದ ಬಸ್ಸೊಂದು ವಾಲುತ್ತ ಬಂದು ನಿಲ್ಲುತ್ತದೆ. ಬಾಗಿಲಲ್ಲಿ ನೇತಾಡುತ್ತ ಕಂಡಕ್ಟರು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ: "ಹೆಬ್ಬಾಳ ಹೆಬ್ಬಾಳ ಹೆಬ್ಬಾಳ!"