ಅಣಶಿಯ ಕಪಾಟು

ನವಲಗುಂದದ ಕಡೆಯ ಎರೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯೆಂಬದು ದಾರಿ ಕಾಯ್ದು ಬರಮಾಡಿಕೊಳ್ಳತಕ್ಕ ಅತಿಥಿ. ಅದು ಬರುವ ಮೊದಲು ಮೋಡ ಕಟ್ಟಬೇಕು, ಗಾಳಿ ತಿರುಗಬೇಕು, ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ನಕ್ಷತ್ರಗಳನ್ನೆಣಿಸಬೇಕು. ಇಷ್ಟೆಲ್ಲ ಆದ ಮೇಲೂ ಬಂದರೆ ಬಂದೀತು, ಇಲ್ಲವಾದರೆ ಇಲ್ಲ. ಬಟ್ಟೆ ಒಣಗಿಸುವದೂ ಒಂದು ಕೆಲಸವೆಂದು ಅಲ್ಲಿ ಯಾರೂ ಎಣಿಸುವದಿಲ್ಲ. ಬೆಳಿಗ್ಗೆ ಹಗ್ಗದ ಮೇಲೆ ಹರವಿದ ಧೋತರವು ಊಟದ ಹೊತ್ತಿಗೆ ಹಪ್ಪಳದಂತಾಗಿರುತ್ತದೆ. ಇಂಥ ಸೀಮೆಯಿಂದ ಸಾಲೆಯ ಮಾಸ್ತರರೊಬ್ಬರು ಕೆಲವು ವರ್ಷಗಳ ಹಿಂದೆ, ಮೃಗಶಿರೆ ಮಳೆಯ ಆರಂಭದಲ್ಲಿ, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಅಣಶಿಗೆ ವರ್ಗವಾಗಿ ಬಂದರು. ಸಾಮಾನಿನ ಗಾಡಿಯಿಂದ ಎಲ್ಲಕ್ಕೂ ಮೊದಲು ಇಳಿದದ್ದು ಒಂದು ಉಕ್ಕಿನ ಕಪಾಟು.

ಅಣಶಿಯು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ, ಕಾರವಾರದಿಂದ ಕದ್ರಾದ ಮಾರ್ಗವಾಗಿ ಘಟ್ಟವನ್ನೇರಿದ ಕೂಡಲೆ ಸಿಗುವ ಊರು. ಈ ತಾಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿತ್ತು. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಿದ ಮೇಲೆ ಜೋಯಿಡಾ ಮುಖ್ಯ ಸ್ಥಳವಾಯಿತು. ಸುತ್ತಲಿನ ಅಡವಿಯು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೭ರಲ್ಲಿ ದಾಂಡೇಲಿಯ ಅಭಯಾರಣ್ಯದೊಡನೆ ಕೂಡಿ ಹುಲಿಗಳ ಆಶ್ರಯಸ್ಥಾನವೆನಿಸಿ, ೨೦೧೫ರಿಂದ ಕಾಳಿಯ ಹೆಸರನ್ನೇ ಧರಿಸಿದೆ. ಆದರೆ ಊರಲ್ಲಿ ಬಾಳುವವರಿಗೆ ಹುಲಿಗಿಂತ ಮೋಡದ ಸಹವಾಸವೇ ಹೆಚ್ಚು. ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವ ಗಾಳಿಯು ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ತನ್ನ ಹೊರೆಯನ್ನು ಇಳಿಸುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರು ಮಳೆ, ಧಾರವಾಡದಲ್ಲಿ ಸುಮಾರು ೮೦೦. ಈ ಎರಡರ ನಡುವೆ ಘಟ್ಟವು ನಿಂತಿದೆ, ಹೊರೆ ಇಳಿಯುವ ಸ್ಥಳ ಅದು.

ಮಾಸ್ತರರು ಶಿಸ್ತಿನ ಮನುಷ್ಯರು. ಕಪಾಟನ್ನು ಒಳಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿ, ಬಟ್ಟೆಗಳನ್ನು ಅವುಗಳ ಮರ್ಯಾದೆಗೆ ತಕ್ಕಂತೆ ಹಂಚಿದರು. ಮೇಲಿನ ಅಂಕಣದಲ್ಲಿ ಸಾಲೆಗೆ ಹಾಕಿಕೊಳ್ಳುವ ಅಂಗಿಗಳು, ನಡುವೆ ಮನೆಯ ಬಟ್ಟೆ, ಕೆಳಗೆ ಹಬ್ಬದವು. ಧೋತರಗಳಿಗೆ ಅವರ ಊರಿನ ರೂಢಿಯಂತೆ ಗಟ್ಟಿಯಾಗಿ ಗಂಜಿ ಹಾಕಿಸಿದ್ದರು. ಎಲ್ಲಕ್ಕೂ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಾರದಿಂದ ಬಿಗಿದು, ತೀರಿಹೋದ ತಾಯಿಯ ಇಳಕಲ್ ಸೀರೆಯನ್ನಿಟ್ಟರು. ಹತ್ತಿಯ ಕಪ್ಪು ಒಡಲು, ರೇಷ್ಮೆಯ ಕೆಂಪು ಸೆರಗು. ಮಗಳು ಆ ವರ್ಷದ ನಾಗಪಂಚಮಿಗೆ ಮೊದಲ ಸಲ ಸೀರೆ ಉಡುವವಳಿದ್ದಳು, ಅದೂ ಅಜ್ಜಿಯದೇ ಆಗಬೇಕೆಂದು ಮನೆಯಲ್ಲಿ ಮಾತಾಗಿತ್ತು.

ಅಣಶಿಯ ಮಳೆಗಾಲದ ಒಂದು ದಿವಸದಲ್ಲಿ ಬೈಲುಸೀಮೆಯ ಒಂದು ವರ್ಷವೇ ಅಡಗಿರುತ್ತದೆಂದರೆ ಅತಿಶಯೋಕ್ತಿಯಲ್ಲ. ಬೆಳಿಗ್ಗೆ ಎಳೆಬಿಸಿಲು ಕಂಡಿತೆಂದು ತೆಳುವಾದ ಅಂಗಿ ತೊಟ್ಟು ಹೊರಟರೆ, ಸಾಲೆಯ ಗಂಟೆ ಬಾರಿಸುವಷ್ಟರಲ್ಲಿ ಎದುರಿನ ಮರ ಕಾಣದಷ್ಟು ಮಂಜು. ಮಂಜು ಕರಗಿತೆಂದರೆ ಮಳೆ. ಮಳೆ ನಿಂತಿತೆಂದು ಕೊಡೆ ಮುಚ್ಚಿದರೆ ಗಾಳಿಯೊಡನೆ ಅಡ್ಡಮಳೆ. ಇಳಿಹೊತ್ತಿಗೆ ಮತ್ತೆ ಬಿಸಿಲು ಬಿದ್ದು, ಮೈಯೆಲ್ಲ ಬೆವತು, ತೊಟ್ಟ ದಪ್ಪ ಬಟ್ಟೆಯೇ ಶಿಕ್ಷೆಯಾಗುವದು. ಕೆಲಸದ ಮೇಲೆ ಕಾರವಾರಕ್ಕೆ ಇಳಿದ ದಿವಸವಂತೂ ಘಟ್ಟದ ಕೆಳಗೆ ಸೆಕೆ, ಮೇಲೆ ನಡುಕ. ಒಂದೇ ಬಸ್ಸಿನಲ್ಲಿ ಎರಡು ಋತುಗಳು. ಮಾಸ್ತರರು ದಿವಸಕ್ಕೆ ಮೂರು ಸಲ ಬಟ್ಟೆ ಬದಲಿಸಹತ್ತಿದರು. ತೊಯ್ದದ್ದು ಹೊರಗೆ ಹಗ್ಗದ ಮೇಲೆ ನಾಲ್ಕು ದಿನ ತೂಗಿದರೂ ಹಸಿಯೇ. ಕೈಗೆ ತಣ್ಣಗೆ ತಾಕಿದರೂ ‘ಒಣಗಿದೆ’ ಎಂದು ಮನಸ್ಸಿಗೆ ಹೇಳಿಕೊಂಡು ಅದನ್ನು ಮಡಚಿ, ಗಟ್ಟಿಯಾಗಿ ಒಣಗಿದ ಬಟ್ಟೆಗಳ ಮೇಲೆ ಇಡುತ್ತಿದ್ದರು. ಈ ಸಣ್ಣ ಸುಳ್ಳೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಪುನರ್ವಸು ಮುಗಿಯುವಷ್ಟರಲ್ಲಿ ಚರ್ಮದ ಪಟ್ಟಿಯ ಮೇಲೆ ಬಿಳಿಯ ಬೂಷ್ಟು ಕಂಡಿತು, ಒರಸಿದರು. ಪುಷ್ಯದಲ್ಲಿ ಧೋತರದ ಮಡಿಕೆಗಳಲ್ಲಿ ಹಸುರು ಚುಕ್ಕೆಗಳೆದ್ದವು. ಪೇಟೆಯಿಂದ ನುಸಿಗುಳಿಗೆಗಳನ್ನು ತರಿಸಿ ಮೂಲೆಮೂಲೆಗೆ ಹಾಕಿದರು. ಗುಳಿಗೆಯು ಹುಳವನ್ನು ಓಡಿಸೀತು. ಬೂಷ್ಟಿಗೆ ಅದರ ಹೆದರಿಕೆ ಏನು? ಬೂಷ್ಟಿಗೆ ಬೇಕಾದದ್ದು ತೇವ, ಕತ್ತಲೆ, ಅಲುಗದ ಗಾಳಿ, ತಿನ್ನಲಿಕ್ಕೆ ಒಂದಿಷ್ಟು ಪಿಷ್ಟ. ಕತ್ತಲೆಯನ್ನೂ ನಿಂತ ಗಾಳಿಯನ್ನೂ ಕಪಾಟು ಕೊಟ್ಟಿತು. ತೇವವನ್ನು ಅರೆ ಒಣಗಿದ ಅಂಗಿಗಳು ತಂದವು. ಸಾಲದ್ದಕ್ಕೆ ರಾತ್ರಿ ತಣ್ಣಗಾದ ಉಕ್ಕಿನ ಹಲಗೆಗಳ ಒಳಮೈಯಲ್ಲಿ ಬೆವರಿನಂಥ ಹನಿಗಳೂ ಕೂಡುತ್ತಿದ್ದವು. ಊಟವನ್ನಾದರೋ ಗಂಜಿಯ ರೂಪದಲ್ಲಿ ಮಾಸ್ತರರೇ ಬಡಿಸಿದ್ದರು. ಗಂಜಿಯ ಗರಿಮುರಿಯ ಮೇಲಿನ ಅಭಿಮಾನವು ಧಾರವಾಡದ ಬಿಸಿಲಿಗೆ ಒಪ್ಪತಕ್ಕದ್ದು, ಘಟ್ಟದ ಮೇಲೆ ಅದು ಅನ್ನಸಂತರ್ಪಣೆಯೇ ಸರಿ.

ಪಂಚಮಿಯ ಹಿಂದಿನ ದಿವಸ ಚೀಲವನ್ನು ಬಿಚ್ಚಿದರು. ಪ್ಲಾಸ್ಟಿಕ್ಕು ಹೊರಗಿನ ನೀರನ್ನು ತಡೆದಿತ್ತು, ನಿಜ. ಆದರೆ ಸಾಮಾನು ಇಳಿಸಿದ ಮಳೆಯ ದಿವಸದಲ್ಲೇ ಬಿಗಿದು ಕಟ್ಟಿದ್ದರಿಂದ ಒಳಗೆ ಸಿಕ್ಕ ತೇವವನ್ನೂ ಹೊರಗೆ ಬಿಟ್ಟಿರಲಿಲ್ಲ. ಕಪ್ಪು ಒಡಲಿನ ಮೇಲೆ ಬೂದಿ ಚೆಲ್ಲಿದಂತಾಗಿತ್ತು. ಮಗಳು ಸೆರಗನ್ನು ಹಿಡಿದು ಕೊಡವಿದಳು. ಇಳಕಲ್ ಸೀರೆಯಲ್ಲಿ ಒಡಲಿನ ನೂಲೂ ಸೆರಗಿನ ರೇಷ್ಮೆಯೂ ಕೊಂಡಿ ಕೊಂಡಿಯಾಗಿ ಕೂಡುವ ಒಂದು ಸ್ಥಳವುಂಟು. ಆ ಕೂಡುಗೆರೆಯ ಉದ್ದಕ್ಕೂ ಹತ್ತಿಯು ಸದ್ದಿಲ್ಲದೆ ಬಿಟ್ಟುಕೊಂಡಿತು. ಸೆರಗು ಅವಳ ಕೈಯಲ್ಲಿ ಉಳಿಯಿತು, ಒಡಲು ನೆಲಕ್ಕೆ ಬಿದ್ದಿತು. ಯಾರೂ ಯಾರನ್ನೂ ಬೈಯಲಿಲ್ಲ. ಮರುದಿನ ಮಗಳು ಹಳೆಯ ಲಂಗದಲ್ಲಿಯೇ ಜೋಕಾಲಿ ಆಡಿದಳು. ಉಂಡಿಗಳನ್ನು ಕಟ್ಟಿದ್ದರೂ ಮಾಸ್ತರರು ಒಂದನ್ನೂ ಮುಟ್ಟಲಿಲ್ಲ.

ಆ ಸೀಮೆಯಲ್ಲಿ ಕುಣಬಿಗಳ ಮನೆಗಳು ಬಹಳ. ನೆರೆಯ ಅಂಥದೊಂದು ಮನೆಯ ಮುದುಕಿಯು ಕೆಸುವಿನ ಎಲೆ ಕೊಡಲು ಬಂದವಳು, ಹಜಾರದಲ್ಲಿ ಹರವಿದ್ದ ಸೀರೆಯನ್ನು ನೋಡಿ, ಒಳಗೆ ಹೋಗಿ ಕಪಾಟಿನ ಬಾಗಿಲನ್ನು ತೆರೆದು ಮೂಸಿದಳು.

“ಮಾಸ್ತರೇ, ಇದು ಬಟ್ಟೆ ಇಡೂದಲ್ಲ. ಭತ್ತ ಮೊಳಕೆ ಹಾಕೂದು” ಎಂದಳು.

“ಹಂಗಾರ ಎಲ್ಲಿ ಇಡಬೇಕ್ರಿ ಆಯಿ?”

ಮುದುಕಿಯು ಉತ್ತರ ಕೊಡದೆ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಕಪಾಟು ಇರಲಿಲ್ಲ. ಒಲೆಯ ಮೇಲೆ, ಕೈಗೆ ಎಟಕುವ ಎತ್ತರದಲ್ಲಿ, ಬಿದಿರಿನ ಗಳಗಳು ತೂಗುತ್ತಿದ್ದವು. ಮನೆಯವರ ಬಟ್ಟೆಯೆಲ್ಲ ಅವುಗಳ ಮೇಲೆಯೇ. ಹೊರಗಿನ ಕೆಲಸಕ್ಕೆ ಉಟ್ಟದ್ದು ತೊಯ್ಯುವದಕ್ಕಾಗಿಯೇ ಇರತಕ್ಕದ್ದು. ಬೆಳಿಗ್ಗೆ ಅದು ಹಸಿಯಿದ್ದರೂ ಅದನ್ನೇ ಉಟ್ಟು ಗದ್ದೆಗೆ ಇಳಿಯಬೇಕು. ಎರಡನೆಯದು ಒಲೆಯ ಮೇಲೆ ಒಣಗುತ್ತಿರುತ್ತದೆ. ಇನ್ನೊಂದು ಜೊತೆಯುಂಟು: ಅದು ಪೂರ್ತಿ ಒಣಗಿದ್ದು, ರಾತ್ರಿ ಮಲಗುವಾಗ ಮಾತ್ರ ಉಡುವಂಥದು, ನೆಂಟರು ಬಂದರೂ, ಹಬ್ಬ ಬಂದರೂ ಅದನ್ನು ಹೊಸ್ತಿಲು ದಾಟಿಸಕೂಡದು. ಮೈ ಬೆಚ್ಚಗೆ ನಿದ್ದೆ ಮಾಡಿದರೆ ಹಗಲಿನ ತೊಯ್ತವು ಏನೂ ಮಾಡುವದಿಲ್ಲವೆಂಬದು ಮುದುಕಿಯ ಮತ. ಗೋಡೆಗೆ ಒಂದು ಗೊರಬೂ ಗೂಟಕ್ಕೆ ಒಂದು ಕರಿಯ ಕಂಬಳಿಯೂ ತೂಗಿದ್ದವು. ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದರೆ ಮಳೆಗೆ ಕೊಡೆಯಾದೀತು, ಮಂಜಿಗೆ ಶಾಲಾದೀತು. ತೊಯ್ದ ಮೇಲೂ ಉಣ್ಣೆಯು ಬಿಸುಪನ್ನು ಬಿಡುವದಿಲ್ಲ. ಇದನ್ನೆಲ್ಲಿ ಕೊಂಡಿರೆಂದು ಕೇಳಿದರೆ, “ನಿಮ್ಮ ಬದೀದೇ” ಎಂದು ನಕ್ಕಳು. ನಿಜವೇ. ದಖ್ಖಣದ ಕುರಿಗಳ ಒರಟು ಉಣ್ಣೆಯಿಂದ, ಹುಣಸೆಬೀಜದ ಸರಿಯನ್ನು ಹಚ್ಚಿ, ಕುರುಬರು ಕಂಬಳಿ ನೇಯುವದು ಮಳೆ ಕಡಿಮೆಯಾದ ಬೈಲುಸೀಮೆಯಲ್ಲಿಯೇ. ಮಾಸ್ತರರು ಅದನ್ನು ಅಲ್ಲಿಯೇ ಬಿಟ್ಟು, ಉಕ್ಕಿನ ಕಪಾಟನ್ನು ಹೊತ್ತು ತಂದಿದ್ದರು!

ಆದರೆ ಮಾಸ್ತರರ ಅಡಿಗೆಮನೆಯಲ್ಲಿ ಒಲೆಯೆಲ್ಲಿ? ಗ್ಯಾಸಿನ ಒಲೆಯು ಅನ್ನವನ್ನು ಬೇಯಿಸಿ ಸುಮ್ಮನಾಗುತ್ತದೆ, ಮನೆಯನ್ನು ಒಣಗಿಸುವದಿಲ್ಲ. ಕಟ್ಟಿಗೆಯ ಒಲೆಯಿಂದ ಹೆಂಗಸರ ಕಣ್ಣಿಗೂ ಎದೆಗೂ ಆಗುವ ಪೀಡೆಯನ್ನು ಬಲ್ಲ ಯಾರೂ ಅದು ಮರಳಿ ಬರಲೆನ್ನಲಾರರು. ಮುದುಕಿಯ ಸೀರೆಗಳಲ್ಲಿಯೂ ಕಿಡಿ ಬಿದ್ದ ತೂತುಗಳಿದ್ದವು. ಕೊನೆಗೆ ನೀರು ಕಾಯಿಸುವ ಬಚ್ಚಲ ಒಲೆಯೇ ಗತಿಯಾಯಿತು. ಅದರ ಮೇಲೆ ಎರಡು ಗಳಗಳನ್ನು ಕಟ್ಟಿದರು. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದರು. ಗಂಜಿ ನಿಂತಿತು. ಮರ್ಯಾದೆಯ ಕ್ರಮ ಹೋಗಿ ಒಣಗಿದ ಕ್ರಮ ಬಂದಿತು: ಬಚ್ಚಲ ಗಳದಿಂದ ಬಿಸಿಯಾಗಿ ಇಳಿಯದ ಯಾವ ಬಟ್ಟೆಗೂ, ಅದು ಸಾಲೆಯದಿರಲಿ ಹಬ್ಬದ್ದಿರಲಿ, ಒಳಗೆ ಪ್ರವೇಶವಿಲ್ಲ. ತೆಳುವಾದ ಅಂಗಿಗಳು ಒಂದರ ಮೇಲೊಂದು ತೊಡಲಿಕ್ಕೂ ಕಳಚಲಿಕ್ಕೂ ಅನುಕೂಲವೆಂದು ಮುಂದಕ್ಕೆ ಬಂದವು. ದಪ್ಪ ಕೋಟು ಹಿಂದೆ ಸರಿಯಿತು. ಬಿಸಿಲು ಕಂಡ ಒಂದೊಂದು ಗಳಿಗೆಯಲ್ಲಿಯೂ ಕಪಾಟಿನ ಬಾಗಿಲು ತೆರೆಯುವದು ಮಗಳ ಕೆಲಸವಾಯಿತು. ಮಲಗುವ ಬಟ್ಟೆಯ ವಿಷಯದಲ್ಲಿ ಮಾತ್ರ ಮಾಸ್ತರರು ಎರಡು ಸಲ ನಿಯಮ ಮುರಿದು, ಎರಡು ಸಲವೂ ಜ್ವರ ಹಿಡಿದು ಮಲಗಿದರು. ಅದು ಕಾಕತಾಲೀಯವೆಂದು ಅವರು ಇಂದಿಗೂ ಹೇಳುತ್ತಾರೆ.

ಸೀರೆಯ ಒಡಲು ಉಳಿಯಲಿಲ್ಲ. ಹೆಂಡತಿಯು ಸೆರಗನ್ನು ಬೇರೆ ಮಾಡಿ, ಒಣಗಿಸಿ, ಬೂಷ್ಟನ್ನು ಮೆತ್ತನ್ನ ಅರಿವೆಯಿಂದ ತೆಗೆದು, ಹೊಸ ಹತ್ತಿಯ ಸೀರೆಯೊಂದಕ್ಕೆ ಕೈಯಿಂದ ಹೊಲಿದಳು. ಹೊಲಿಗೆಯು ದೂರದಿಂದಲೂ ಕಾಣುತ್ತದೆ. ಮುಂದಿನ ಪಂಚಮಿಗೆ ಅದನ್ನುಟ್ಟ ಮಗಳನ್ನು ಊರಿಂದ ಬಂದ ಸೋದರತ್ತೆ ತಬ್ಬಿಕೊಂಡು, “ಇದೇನವ್ವಾ, ಹೊಗೀ ನಾತ?” ಎಂದು ಕೇಳಿದಳು.

ಆ ಬೇಸಿಗೆಯ ರಜೆಯಲ್ಲಿ ಮಾಸ್ತರರು ಊರಿಗೆ ಹೋದಾಗ ಸಂತೆಯಲ್ಲಿ ನಾಲ್ಕು ಅಂಗಡಿ ತಿರುಗಿ ಒಂದು ಕರಿಯ ಕಂಬಳಿಯನ್ನು ಕೊಂಡು ತಂದು ಮುದುಕಿಗೆ ಕೊಟ್ಟಿದ್ದರು. ಅವಳು ಅದನ್ನು ಎರಡೂ ಕೈಯಿಂದ ಹಿಸುಕಿ, ಹುಣಸೆಯ ಸರಿಯ ಬಿಗಿಯನ್ನು ನೋಡಿ, ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದೆಂದೂ ಅನ್ನಲಿಲ್ಲ. ಒಯ್ದು ಒಲೆಯ ಮೇಲಿನ ಗಳಕ್ಕೆ ಹಾಕಿದಳು.