ಬ್ಲಫ್ಫಿನ ಟ್ರಾಲಿ, ಮುದಲಿಯಾರರ ಸೇತುವೆ

ಶಿವನಸಮುದ್ರಕ್ಕೆ ಹೋದವರು ಗಗನಚುಕ್ಕಿ, ಭರಚುಕ್ಕಿ ನೋಡಿ, ಚಿತ್ರಾನ್ನದ ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮಳವಳ್ಳಿ ಬಸ್ಸು ಹತ್ತುತ್ತಾರೆ. ಅಲ್ಲಿ ಮನುಷ್ಯರು ಕಟ್ಟಿದ್ದೂ ನೋಡುವಂಥದೇ ಇದೆ ಸೋದರಿಯರೇ.

ವಿದ್ಯುದಾಗಾರದ ವಸತಿಗೆ ಬ್ಲಫ್ ಎಂದು ಹೆಸರು. ಕಡಿದಾದ ಬಂಡೆಯಂಚು ಎಂಬುದಕ್ಕೆ ದೊರೆಗಳು ಆಡಿದ ಮಾತು ಊರಿಗೇ ಅಂಟಿಕೊಂಡಿತು. ಮನೆಗಳು ಮೇಲೆ, ಯಂತ್ರಗಳು ನೂರಾರು ಅಡಿ ಕೆಳಗೆ, ಹೊಳೆಯ ಮಗ್ಗುಲಲ್ಲಿ. ನಡುವಿನ ಇಳಿಜಾರಿಗೆ ಹಳಿ ಹಾಸಿ, ಉಕ್ಕಿನ ಹಗ್ಗ ಬಿಗಿದ ಟ್ರಾಲಿಯನ್ನು ಮೇಲಿನಿಂದ ಯಂತ್ರ ಸುತ್ತಿ ಇಳಿಸುತ್ತಾರೆ. ಪಕ್ಕದಲ್ಲೇ ನೀರಿನ ಭಾರೀ ಕೊಳವೆಗಳು. ಮೆಟ್ಟಿಲೂ ಉಂಟು, ಆದರೆ ಹತ್ತುವಾಗ ಮಂಡಿ ಮಾತಾಡುತ್ತದೆ! ಒಳಗೆ ಹೋಗಲು ಅಪ್ಪಣೆ ಬೇಕು, ಮೊದಲೇ ವಿಚಾರಿಸಿಕೊಳ್ಳಿ.

ದಿವಾನ್ ಶೇಷಾದ್ರಿ ಅಯ್ಯರ್ ಈ ಕೆಲಸಕ್ಕೆ ಕೈಹಚ್ಚಿದಾಗ ರೈಲು ಇದ್ದದ್ದು ಮದ್ದೂರಿಗೆ. ಮಳವಳ್ಳಿಗೆ ಇಂದಿಗೂ ಇಲ್ಲ. ಯಂತ್ರದ ಭಾಗಗಳನ್ನು ಆನೆ, ಎತ್ತು, ಕುದುರೆಗಳೇ ಎಳೆದು ತಂದವು. ಅಯ್ಯರ್ 1901ರಲ್ಲಿ ತೀರಿಕೊಂಡರು. 1902ರ ಜೂನ್‌ನಲ್ಲಿ ಹರಿದ ವಿದ್ಯುತ್ತನ್ನು ಅವರು ನೋಡಲಿಲ್ಲ. ಅದು ಹೋದದ್ದಾದರೂ ಎಲ್ಲಿಗೆ? 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಸುತ್ತಲಿನ ಹಳ್ಳಿಗಳು ಮಾತ್ರ ಇನ್ನೂ ದಶಕಗಟ್ಟಲೆ ಕಾದವು. "ನಮ್ಮ ಹೊಳೆ ಊರೂರಿಗೆ ದೀಪ ಹಚ್ತು ಕಣವ್ವ, ನಾವು ಸೀಮೆಎಣ್ಣೆ ಬುಡ್ಡೀಲೇ ಮುದ್ದೆ ತೊಳಸಿದ್ದು" ಎನ್ನುತ್ತಿದ್ದರು ನಮ್ಮತ್ತೆ. ಅವರ ತವರು ಮಳವಳ್ಳಿ ಪಕ್ಕದ ಹಳ್ಳಿ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದಕ್ಕೂ ಹಿಂದಿನದು ಸೇತುವೆಗಳ ಕಥೆ. ನಡುಗಡ್ಡೆಯಲ್ಲಿ ಮಧ್ಯರಂಗನಾಥ, ಸೋಮೇಶ್ವರನ ಗುಡಿಗಳಿವೆ, ಆದರೆ ಹೊಳೆ ದಾಟುವುದು ಹೇಗೆ? ರಾಮಸ್ವಾಮಿ ಮುದಲಿಯಾರರು 1830ರ ಆಸುಪಾಸಿನಲ್ಲಿ ಎರಡು ಕವಲಿಗೂ ಕಲ್ಲಿನ ಸೇತುವೆ ಕಟ್ಟಿಸಿದರು. ಕಲ್ಲುಕಂಬ ನೆಟ್ಟು, ಮೇಲೆ ಚಪ್ಪಡಿ ಹಾಸುವ ನಮ್ಮ ಗುಡಿ ಮಂಟಪದ ಪದ್ಧತಿಯೇ. ಹೆಸರು ಮಾತ್ರ ವೆಲ್ಲೆಸ್ಲಿ, ಲಷಿಂಗ್ಟನ್ ಎಂಬ ದೊರೆಗಳದು! ಕಟ್ಟಿಸಿದವರಿಗೆ ಸರ್ಕಾರ ಜಹಗೀರು ಕೊಟ್ಟಿತು, ಸರಿ. ಚಪ್ಪಡಿ ಹೊತ್ತವರ ಹೆಸರು ಯಾರು ಬರೆದಿಟ್ಟರು?

2018ರ ಕಾವೇರಿ ಪ್ರವಾಹದಲ್ಲಿ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳಿಗೆ ಬೇರೆ ಸೇತುವೆ ಇರುವುದರಿಂದ ಪ್ರಯಾಣವೇನೂ ನಿಲ್ಲಲಿಲ್ಲ. ಅದಕ್ಕೇ ನನಗೆ ಭಯ. ಅಗತ್ಯವಿಲ್ಲದ್ದನ್ನು ರಿಪೇರಿ ಮಾಡಿಸುವವರು ಯಾರು? ನೀವು ಹೋದಾಗ ಮಕ್ಕಳನ್ನು ದಡದಲ್ಲೇ ನಿಲ್ಲಿಸಿಕೊಂಡು ಉಳಿದ ಕಂಬಗಳನ್ನು ತೋರಿಸಿ. ನೀರಿಗಿಳಿಯಲು ಬಿಡಬೇಡಿ, ಅಲ್ಲಿ ಸೆಳೆತ ಬಲು ಜೋರು.